ಹೊರೆಯಿಲ್ಲದ ಕಂಬ

"ಟೇಪ್ ಬಿಗಿಯಾಗಿ ಹಿಡೀರಿ. ಸಡಿಲ ಬಿಟ್ರೆ ಲೆಕ್ಕ ತಪ್ಪತ್ತೆ," ಎಂದ ಹಾಲಸ್ವಾಮಿ.

"ತಪ್ಪಲಿ ಬಿಡಿ. ಅಳೆಯೋಕೆ ಇನ್ನೊಂದ್ಸಲ ಬರಬಹುದಲ್ಲ," ಎಂದಳು ಉಮಾಮಹೇಶ್ವರಿ, ಆ ತುದಿಯಿಂದ.

ಕಟ್ಟುತ್ತಿದ್ದ ಮನೆಯ ಅದೇ ಹಾಲ್‌ನ ಅಗಲವನ್ನು ಅವರು ಅಳೆಯುತ್ತಿದ್ದುದು ನಾಲ್ಕನೆಯ ಸಲ.

ತೊಂಬತ್ತೆಂಟರ ಬೇಸಿಗೆ. ಹಾಲಸ್ವಾಮಿ ಭದ್ರಾವತಿಯ ಫ್ಯಾಬ್ರಿಕೇಶನ್ ಶೆಡ್ಡೊಂದರ ಮೇಸ್ತ್ರಿ. ಅವಳ ತಂದೆ ಶಿವಯೋಗಪ್ಪನವರು ಶಿವಮೊಗ್ಗದ ಹೊಸಮನೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಹಾಲ್‌ನ ನಡುವೆ ಕಂಬ ಇರಕೂಡದು, ಮಗಳ ಮದುವೆ ಅಲ್ಲೇ ಆಗಬೇಕು ಎಂಬುದು ಅವರ ಹಟ. ವರ ದಾವಣಗೆರೆಯವನು, ನಿಶ್ಚಿತಾರ್ಥ ಮುಗಿದಿತ್ತು.

ಹನ್ನೆರಡು ಇಂಚು ಎತ್ತರದ ಉಕ್ಕಿನ ಬೀಮು ಅಂಗಳದಲ್ಲಿ ಬಿದ್ದಿತ್ತು. ಎತ್ತರದ ಇಪ್ಪತ್ತು ಪಟ್ಟು ದೂರಕ್ಕೆ ಧೈರ್ಯವಾಗಿ ಹಾಕಬಹುದು ಎಂಬುದು ಶೆಡ್ಡಿನ ಬಾಯಿಲೆಕ್ಕ. ಅಂದರೆ ಇಪ್ಪತ್ತಡಿ. ಗೋಡೆಯಿಂದ ಗೋಡೆಗೆ ಹದಿನೆಂಟೇ ಅಡಿ. ಹಾಲಸ್ವಾಮಿ ಮಹಡಿಯ ಭಾರ ಸೇರಿಸಿ ಕಾಗದದ ಮೇಲೂ ಲೆಕ್ಕ ಹಾಕಿದ. ಸಾಲುತ್ತಿತ್ತು.

"ಸಾಲಲ್ಲ ಅಂತ ಹೇಳಿ," ಎಂದಳು ತಗ್ಗಿದ ದನಿಯಲ್ಲಿ. "ದೊಡ್ಡ ಬೀಮ್ ಬರೋಕೆ ಎರಡು ತಿಂಗಳು ಬೇಕು ಅಂದಿದ್ರಿ. ಮದುವೆ ಮುಂದೆ ಹೋಗತ್ತೆ. ಅಷ್ಟರಲ್ಲಿ ಅಪ್ಪಾಜಿ ಹತ್ರ ನಮ್ಮ ವಿಷಯ ಮಾತಾಡಿ."

"ಇವತ್ತಿನ ತನಕ ಒಂದು ಸುಳ್ಳು ಲೆಕ್ಕ ಕೊಟ್ಟಿಲ್ಲ ಉಮಾ."

"ನನಗೋಸ್ಕರ ಒಂದು ಕೊಡಿ."

ಅವನು ಟೇಪು ಸುತ್ತಿಕೊಳ್ಳತೊಡಗಿದ.

ಸಂಜೆ ಶಿವಯೋಗಪ್ಪನವರ ಮುಂದೆ ನಿಂತು, "ಈ ಬೀಮ್ ತಡೆಯಲ್ಲ ಯಜಮಾನ್ರೆ," ಎಂದ.

ಅವರು ಅಗಿಯುತ್ತಿದ್ದ ಎಲೆಅಡಿಕೆ ಉಗಿದರು. "ನೀನು ಹೇಳಿದ್ಮೇಲೆ ಮುಗೀತು. ಇನ್ನೊಬ್ಬ ಇಂಜಿನಿಯರ್‌ನ ಕೇಳೋನಲ್ಲ ನಾನು. ನನ್ನ ಹಟ ಹಾಳಾಗ್ಲಿ, ನಡುವೆ ಒಂದು ಕಂಬ ಕೊಡು ಮಾರಾಯ. ಮದುವೆ ನಿಲ್ಲಬಾರದು."

ಅಷ್ಟು ನಂಬಿದವರ ಮುಂದೆ ತನ್ನ ಮತ್ತು ಉಮಾಳ ಮಾತು ಅವನ ಬಾಯಿಂದ ಹೊರಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಹಾಗೆಯೇ ಎಂಟು ದಿನ ಕಳೆದವು. ಒಂಬತ್ತನೆಯ ದಿನ ತಾನೇ ಕಂಬ ನಿಲ್ಲಿಸಿದ. ಬುಡಕ್ಕೆ ಬೋಲ್ಟು ಬಿಗಿದ. ತಲೆಯ ಬಳಿ, ಬೀಮಿಗೆ ತಾಗದಂತೆ, ಕಾಗದ ತೂರುವಷ್ಟು ಸಂದು ಬಿಟ್ಟ.

ಮದುವೆಯ ದಿನ ಆ ಕಂಬಕ್ಕೂ ಬಾಳೆಕಂದು ಕಟ್ಟಿದ್ದರು. ಅಕ್ಷತೆ ಬಿದ್ದು, ಜನ ಊಟಕ್ಕೆ ಎದ್ದ ಮೇಲೆ, ಕಂಬದ ಬಳಿಯಿದ್ದ ಹಾಲಸ್ವಾಮಿಯ ಹತ್ತಿರ ಉಮಾ ಬಂದು ನಿಂತಳು.

"ಇದು ಏನಾದ್ರೂ ಹೊತ್ತಿದೆಯಾ?"

"ಇಲ್ಲ. ಮೇಲೆ ಮುಟ್ಟೇ ಇಲ್ಲ. ಬೀಮೇ ಎಲ್ಲ ಹೊತ್ತಿದೆ."

"ಸುಳ್ಳು ಹೇಳಿದ್ರಿ. ನಿಜ ಹೇಳೋಕೇ ಆಗ್ಲಿಲ್ಲ, ಅಲ್ವಾ?"

ಅವನು ಬಾಳೆಕಂದಿನ ಸಡಿಲವಾದ ಹಗ್ಗ ಬಿಗಿದ.

ಒಳಗಿನಿಂದ ಯಾರೋ ಕರೆಯುವ ತನಕ ಅವಳು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಅದು ಹೊತ್ತ ಭಾರ ಅಷ್ಟೇ.