ಸೆಲ್ವಿಗೊಂದು ಹೂಕಾಗದದ ಕಾರ್ಡು

"ಈ ಮೂಲೆ ಕತ್ತರಿಸಿದ್ದು ಯಾರು?"

ಆರುಮುಗಂ ಕಾರ್ಡನ್ನು ಮೇಜಿನ ಮೇಲಿಟ್ಟ. ದನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗಂಗಳಿಗೆ.

೧೯೮೪ರ ಸಂಕ್ರಾಂತಿಗೆ ನಾಲ್ಕೇ ದಿನ ಉಳಿದಿತ್ತು. ಬಂಗಾರಪೇಟೆಯ ಕೋದಂಡಪ್ಪನವರ ಬೈಂಡಿಂಗ್ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಪುಸ್ತಕಕ್ಕೆ ರಟ್ಟು ಹಾಕಿ ಮಿಕ್ಕ ಹೂಕಾಗದ, ಅಲೆಅಲೆ ಬಣ್ಣದ ಕಾಗದ ಎಲ್ಲವನ್ನೂ ಕತ್ತರಿಸಿ, ಅಂಟಿಸಿ ಶುಭಾಶಯದ ಕಾರ್ಡು ಮಾಡುವುದು ಗಂಗ ಮತ್ತು ಮಂಗಮ್ಮತ್ತೆಯ ಕೆಲಸ. ಕೆಜಿಎಫ್‌ನ ತಮಿಳರು ಪೊಂಗಲ್ಲಿಗೆ ಕಾರ್ಡು ಕೊಡದೆ ಬಿಡುವವರಲ್ಲ.

ಆರುಮುಗಂ ಅಲ್ಲಿನ ನಂದಿದುರ್ಗ ಮೈನ್ಸಿನ ಹುಡುಗ. ಕಾರ್ಮಿಕರ ವಾಚನಾಲಯದ ಹರಿದ ಪುಸ್ತಕಗಳನ್ನು ರಟ್ಟಿಗೆ ತರುತ್ತಿದ್ದವನು, ಮೂರು ತಿಂಗಳಿಂದ ಹರಿಯದ ಪುಸ್ತಕಗಳನ್ನೂ ತರುತ್ತಿದ್ದ. ಅದ್ಯಾಕೆ ಅಂತ ಮಂಗಮ್ಮತ್ತೆಗೆ ಗೊತ್ತಾಗಿತ್ತು. ಗೊತ್ತಾಗಬೇಕಾದವಳಿಗೆ ಮಾತ್ರ ಆಗಿರಲಿಲ್ಲ, ಪೆದ್ದಿ!

ಮೊನ್ನೆ ಬಂದವನು ಕೇಳಿದ್ದ. "ಒಂದು ಕಾರ್ಡು ಬೇಕು. ನಿಮ್ಗೆ ತುಂಬಾ ಇಷ್ಟವಾದ ಕಾಗದದಲ್ಲೇ ಮಾಡಿ. ಒಳಗೆ 'ಅನ್ಬುಳ್ಳ ಸೆಲ್ವಿ' ಅಂತ ಬರ್ದು, ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ."

ಅನ್ಬುಳ್ಳ ಅಂದರೆ ಪ್ರೀತಿಯ. ಅಷ್ಟು ತಮಿಳು ಗಂಗಳಿಗೂ ಬರುತ್ತಿತ್ತು. ಪ್ರೀತಿಯ ಸೆಲ್ವಿ... ಯಾರವಳು?

ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಕೆಂಪು ಹೂವಿನ ಕಾಗದದಲ್ಲಿ ಕಾರ್ಡೇನೋ ಮಾಡಿದಳು. ಕವರಿಗೆ ಹಾಕುವ ಮುಂಚೆ ಬ್ಲೇಡು ತಗೊಂಡು ಉಗುರಿನಷ್ಟು ಮೂಲೆ ಕತ್ತರಿಸಿಬಿಟ್ಟಳು. ಸಾವಿನ ಸುದ್ದಿಯ ಕಾಗದಕ್ಕೆ ಹಾಗೆ ಮೂಲೆ ಕತ್ತರಿಸುವುದು ಅಲ್ಲಿನ ರೂಢಿ. ಆ ಸೆಲ್ವಿ ನೋಡಲಿ, ಅಪಶಕುನ ಅಂತ ಎಸೆಯಲಿ ಅಂತ ಅವಳ ಆಸೆ. ಅವನು ಕಾರ್ಡು ತಗೊಂಡು ಹತ್ತಿದ ರೈಲು ಹೊರಟ ಮೇಲೆ ತಪ್ಪು ಮಾಡಿದೆ ಅನ್ನಿಸಿತು. ಆಗ ಅನ್ನಿಸಿ ಏನು ಬಂತು?

"ಕವರು ಬಿಚ್ಚದೆ ಮನೇಲಿ ಗೋಡೆ ಮಾಡದಲ್ಲಿ ಇಟ್ಟಿದ್ದೆ," ಆರುಮುಗಂ ಹೇಳಿದ. "ನಮ್ಮಮ್ಮಂಗೆ ಓದೋಕೆ ಬರಲ್ಲ. ಕವರಿಂದ ತೆಗೆದವ್ರು ಬಣ್ಣ ನೋಡ್ಲಿಲ್ಲ, ಮೂಲೆ ನೋಡಿದ್ರು. ಅಪ್ಪ ಗಣಿ ಒಳಗೆ ಶಿಫ್ಟಲ್ಲಿದ್ರು. ಬರಿಗಾಲಲ್ಲಿ ಓಡೋಗಿ ಗಣಿ ಬಾಗಿಲಲ್ಲಿ ಎದೆ ಬಡ್ಕೊಂಡು ಕೂತ್ಬಿಟ್ರು. ಅಪ್ಪ ಮೇಲೆ ಬರೋವರೆಗೂ ಯಾರ ಮಾತೂ ಕೇಳ್ಲಿಲ್ಲ."

ಗಂಗ ಕಾರ್ಡಿನ ಕತ್ತರಿಸಿದ ಮೂಲೆಯನ್ನೇ ನೋಡಿದಳು. ಅಯ್ಯೋ, ನಾನೆಂಥ ಪಾಪಿ...

ಕೋದಂಡಪ್ಪನವರು ಮಂಗಮ್ಮತ್ತೆಯ ಕಡೆ ತಿರುಗಿದರು. "ಕಣ್ಣು ಕಾಣ್ದಿದ್ರೆ ಮನೇಲಿರು ಅಂತ ಎಷ್ಟು ಸಲ ಯೋಳ್ಲಿ? ನಾಳೆಯಿಂದ ಬರ್ಬೇಡ."

"ನಾನೇ ಇರ್ಬೇಕು ಬುಡಪ್ಪ," ಅಂದಳು ಮುದುಕಿ, ಸೆರಗಿನಲ್ಲಿ ಕೈಯ ಅಂಟು ಒರೆಸಿಕೊಳ್ಳುತ್ತ. "ನನ್ ಕಣ್ಣೇ ಅಂಗೈತೆ."

ಗಂಗ ಮೇಜಿನ ಮೇಲಿನ ಕಾಗದದ ಚೂರುಗಳನ್ನು ಜೋಡಿಸತೊಡಗಿದಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋಗಲಿ... ಇವನ ಕಣ್ಣಲ್ಲಿ ನಾನು ಏನಾಗಿ ಉಳೀತೀನಿ? ಮಂಗಮ್ಮತ್ತೆ ಬುತ್ತಿಯ ಡಬ್ಬಿ ಎತ್ತಿಕೊಂಡು, ಚಪ್ಪಲಿ ಹುಡುಕುತ್ತ ಬಾಗಿಲವರೆಗೂ ಹೋದಳು.

"ಅತ್ತೆ, ನಿಂತ್ಕೊ." ಗಂಗಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಅವಳಲ್ಲ ಯಜಮಾನ್ರೇ. ನಾನು. ಬೇಕಂತ್ಲೇ ಕತ್ತರಿಸ್ದೆ."

"ಯಾಕಮ್ಮ?" ಕೋದಂಡಪ್ಪನವರ ಬಾಯಿ ತೆರೆದಿದ್ದು ಹಾಗೇ ಇತ್ತು.

"ಸೆಲ್ವಿ ಮೇಲೆ ಹೊಟ್ಟೆಕಿಚ್ಚಿಗೆ." ತಲೆ ಎತ್ತಲಾಗದೆ ನೆಲ ನೋಡುತ್ತಲೇ ಹೇಳಿದಳು. "ಇವ್ರು ಬೇರೆ ಹುಡುಗೀಗೆ ಕಾರ್ಡು ಕೊಡೋದು ನಂಗೆ ತಡ್ಕೊಳ್ಳೋಕಾಗ್ಲಿಲ್ಲ."

ಹೇಳಿಯೇಬಿಟ್ಟಳು! ಅದೂ ಮೂವರ ಎದುರಿಗೆ. ಇನ್ನು ಅಲ್ಲಿ ನಿಲ್ಲಲಾಗಲಿಲ್ಲ. ಸ್ಟೇಷನ್ನಿನ ಕಡೆ ಓಡಿ, ಬೇವಿನ ಮರದ ಕಟ್ಟೆ ಮೇಲೆ ಕೂತು ಅತ್ತಳು.

ಆರುಮುಗಂ ಹಿಂದೆಯೇ ಬಂದ. ತುಸು ದೂರ ಬಿಟ್ಟು ಕೂತ.

"ಮಂಗಮ್ಮನ್ನ ವಾಪಸ್ ಕರ್ದು ಕೂರಿಸಿದಾರೆ," ಅಂದ. "ಸೆಲ್ವಿ ಅನ್ನೋದು ಹೆಸರಲ್ಲ."

"ಮತ್ತೆ?"

"ಹೆಸರೂ ಇಡ್ತಾರೆ. ಆದ್ರೆ ನಾನು ಬರ್ಸಿದ್ದು ಹಾಗಲ್ಲ. ನೀವು ಕುಮಾರಿ ಅಂತ ಬರೀತೀರಲ್ಲ, ನಮ್ಮಲ್ಲಿ ಅದಕ್ಕೆ ಸೆಲ್ವಿ. ಪಕ್ಕದಲ್ಲಿ ಹೆಸರು ಬರೀಬೇಕಿತ್ತು. ಎಲ್ರೂ ಗಂಗ ಅಂತಾರೆ, ಪೂರ್ತಿ ಹೆಸರು ನಂಗೆ ಗೊತ್ತಿರ್ಲಿಲ್ಲ... ಕೇಳೋಕೆ ನಾಚಿಕೆ."

ಗಂಗ ಮುಖ ಮುಚ್ಚಿಕೊಂಡಳು. ಖುಷಿ ಪಡಬೇಕಾದ ಗಳಿಗೆಯಲ್ಲಿ ನಾಚಿಕೆಯೇ ಮೈಯೆಲ್ಲ ಸುಟ್ಟಿತು. ನನಗೇ ಬರುತ್ತಿದ್ದ ಕಾರ್ಡಿಗೆ ನಾನೇ ಬ್ಲೇಡು ಹಾಕಿದೆನಲ್ಲ. ಆ ತಾಯಿ ಬರಿಗಾಲಲ್ಲಿ ಓಡಿದರಲ್ಲ.

"ನಂಗೆ ಕೋಪ ಇದೆ," ಆರುಮುಗಂ ಅಂದ. "ಸುಳ್ಳು ಹೇಳಲ್ಲ. ಆದ್ರೆ ಕೋಪ ಬಂತು ಅಂತ ಮೂರು ತಿಂಗಳ ಇಷ್ಟ ಹೋಗ್ಬಿಡಲ್ಲ."

"ಮುನಿಗಂಗಮ್ಮ," ಅಂದಳು ಕೈ ತೆಗೆಯದೆ. "ನನ್ ಪೂರ್ತಿ ಹೆಸರು."

ಅವನು ಮೆಲ್ಲಗೆ ಇನ್ನೊಮ್ಮೆ ಹೇಳಿ ನೋಡಿದ. ಅವನ ಬಾಯಲ್ಲಿ ಆ ಹಳೇಕಾಲದ ಹೆಸರು ಅವಳಿಗೇ ಚೆಂದ ಕೇಳಿಸಿತು.

ಕೆಜಿಎಫ್ ಕಡೆ ಹೋಗುವ ಮಾರಿಕುಪ್ಪಂ ರೈಲು ಬಂದು ನಿಂತಿತು. ಗಂಗ ಕಣ್ಣೊರೆಸಿಕೊಂಡು ಎದ್ದಳು. "ನಾನೂ ಬತ್ತೀನಿ. ನಿಮ್ಮಮ್ಮನ ಕಾಲಿಗೆ ಬೀಳ್ಬೇಕು."

"ಬೈತಾರೆ."

"ಬೈಲಿ."

"ಮೂರು ಭಾಷೇಲೂ ಬೈತಾರೆ. ತಮಿಳು ಬೈಗುಳ ನಿಮ್ಗೆ ಅರ್ಥ ಆಗಲ್ಲ."

ಗಂಗ ಮೊದಲ ಸಲ ಅವನ ಕಣ್ಣನ್ನೇ ನೋಡಿದಳು.

"ಪಕ್ಕದಲ್ಲೇ ಕೂತಿರಿ," ಅಂದಳು. "ಅರ್ಥ ಆಗ್ದಿದ್ರೆ ಈ ಸಲ ಕೇಳ್ತೀನಿ."