ಕತ್ತೆ ಒದ್ದ ಗುರುತು

ನನ್ನನ್ನು ಕತ್ತೆ ಒದ್ದಿತ್ತು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ನಾನು ಬೆಕ್ಕು, ನಾಯಿಗಳ ಡಾಕ್ಟರು. ಗಿಡ ಮಾರುವ ನರ್ಸರಿಯ ಒಡತಿ ಬಂದು, ಮಣ್ಣಿನ ಮೂಟೆ ಹೊರುವ ತನ್ನ ಕತ್ತೆ ಕುಂಟುತ್ತಿದೆ ಎಂದು ಗೋಗರೆದಳು. ಹೋಗಿ ಹಿಂಗಾಲು ಎತ್ತಿದೆ. ಅದು ತನ್ನ ಅಭಿಪ್ರಾಯ ತಿಳಿಸಿತು. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿಗಟ್ಟಿತು.

ಮರುದಿನ ಭಾನುವಾರ ಟ್ರಸ್ಟಿನ ಮೀಟಿಂಗು. ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋದೆ. ತಪ್ಪಾಗಿದ್ದು ಅಲ್ಲಿಯೇ.

ನಮ್ಮದು ಮನೆಯಲ್ಲಿ ಏಟು ತಿಂದು ಹೊರಬಂದ ಹೆಂಗಸರಿಗೆ ಆಸರೆ ಕೊಡುವ ಟ್ರಸ್ಟು. ಸಂಬಳವಿಲ್ಲದ ಆರು ಜನ ಟ್ರಸ್ಟಿಗಳು ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಸೇರುತ್ತೇವೆ. ಆಸರೆ ಮನೆಗೆ ಎಂಥ ಕೆಲಸದವರು ಬೇಕು, ವಕೀಲರು ಒಂದೇ ದಿನದಲ್ಲಿ ಸಿಗುವ ಹಾಗೆ ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಬಾಗಿಲು ಬಡಿಯಿತು, ಮೆಟ್ಟಿಲಲ್ಲಿ ಜಾರಿದೆ ಎಂಬ ನೆಪಗಳನ್ನು ನಮ್ಮಷ್ಟು ಕೇಳಿದವರು ಇನ್ಯಾರೂ ಇರಲಿಕ್ಕಿಲ್ಲ. ಅಂಥವರ ಮುಂದೆ ನನ್ನ ಅಂಗಿಯ ತೋಳು ಸರಿದು ನೀಲಿ ಕಂಡಿತು. ನಾನು ನಗುತ್ತಾ, ಕತ್ತೆ ಒದ್ದಿದ್ದು ಎಂದೆ.

ಅಧ್ಯಕ್ಷೆಯಾದ ನಿವೃತ್ತ ಹೆಡ್‌ಮಿಸ್ ಬಹಳ ಮೃದುವಾಗಿ ತಲೆಯಾಡಿಸಿದರು. ಸಾಲದ್ದಕ್ಕೆ ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ಗಂಡಸಿನ ದನಿಯೊಂದು, ಎಲ್ಲಿ ಸತ್ತೆ, ಇನ್ನೂ ಎಷ್ಟು ಹೊತ್ತು ಎಂದು ಎಲ್ಲರಿಗೂ ಕೇಳುವ ಹಾಗೆ ಗುಡುಗಿತು. ಬಂದೆ, ಬಂದೆ, ಬೈಬೇಡ ಎಂದು ನಾನು ಎದ್ದು ಓಡಿದೆ.

ಇನ್ನು ನಮ್ಮ ಆರು ಜನರಲ್ಲಿ ಒಬ್ಬನಾದ ಬೀಗದವನ ವಿಷಯ. ಬೀಗದ ಅಂಗಡಿ ಇಟ್ಟಿರುವುದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುವುದು. ಆಸರೆ ಮನೆಯ ಬಾಗಿಲುಗಳೆಲ್ಲ ಅವನ ಕೈಯಲ್ಲೇ ಭದ್ರವಾದದ್ದು. ಮೀಟಿಂಗಿನಲ್ಲಿ ನನ್ನ ಪಕ್ಕದ ಕುರ್ಚಿ ಅವನದು. ನಾನು ಬ್ಯಾಗಿನಲ್ಲಿ ಕೀ ಹುಡುಕುತ್ತಾ ಒದ್ದಾಡುವಾಗ ಸುಮ್ಮನೆ ನೋಡುತ್ತಾ ಕೂರುತ್ತಿದ್ದ. ನಾನು ಕಣ್ಣು ಬಿಟ್ಟು ಗದರಿಸಿದರೆ ಕಿಟಕಿಯ ಕಡೆ ತಿರುಗಿ ನಗು ನುಂಗುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ಮೀಟಿಂಗ್ ಮುಗಿದ ಮೇಲೆ ಹದಿನೆಂಟು ಮೆಟ್ಟಿಲು ಇಳಿಯಲು ನಮಗಿಬ್ಬರಿಗೂ ಕಾಲು ಗಂಟೆ ಬೇಕಾಗುತ್ತಿತ್ತು. ಒಂದಲ್ಲ ಒಂದು ದಿನ ಕೊನೆಯ ಮೆಟ್ಟಿಲಲ್ಲಿ ಅವನು ಬಾಯಿ ಬಿಟ್ಟೇ ಬಿಡುತ್ತಾನೆ ಎಂದು ನಾನು ಕಾದಿದ್ದೆ. ಮೂವತ್ತೆಂಟು ವರ್ಷದವಳು ಹೀಗೆ ಕಾಯುವುದು ನಗೆಪಾಟಲು ಅನ್ನಿ, ಆದರೂ ಕಾದಿದ್ದೆ.

ಕತ್ತೆ ಒದ್ದ ಮೇಲೆ ಎಲ್ಲ ನಿಂತುಹೋಯಿತು. ಅವನು ಕುರ್ಚಿ ಬದಲಿಸಿದ. ಮಾತಾಡುವಾಗ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದ. ಮೆಟ್ಟಿಲ ಬಳಿ ನನ್ನನ್ನು ಮುಂದೆ ಬಿಟ್ಟು, ಗೋಡೆಗೆ ಸರಿದು ದಾರಿ ಕೊಡುತ್ತಿದ್ದ. ತಮಾಷೆ ಇಲ್ಲ, ನೋಟವಿಲ್ಲ. ಮೂರು ಮೀಟಿಂಗು ಹೀಗೇ ಕಳೆದವು. ನನ್ನ ಮನಸ್ಸು ಗೊತ್ತಾಗಿ ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಮೊದಲು ಅಳು ಬಂತು, ಆಮೇಲೆ ಸಿಟ್ಟು. ಆ ತಿಂಗಳಿಗೆ ನನ್ನ ಮೂರು ವರ್ಷದ ಅವಧಿ ಮುಗಿಯುತ್ತಿತ್ತು. ಮುಂದಿನ ಅವಧಿಗೆ ಸಹಿ ಹಾಕುವುದಿಲ್ಲ, ಅವನ ಮುಖ ನೋಡುವ ಗೋಜೇ ಬೇಡ ಎಂದು ತೀರ್ಮಾನಿಸಿದೆ.

ಅದನ್ನು ಹೆಡ್‌ಮಿಸ್‌ಗೆ ಹೇಳಲೆಂದೇ ನಾಲ್ಕನೆಯ ಮೀಟಿಂಗಿಗೆ ಬೇಗ ಹೋದೆ. ಕೋಣೆ ಖಾಲಿ ಇತ್ತು. ಪೆನ್ನಿಗೆಂದು ಕಳೆದ ಮೀಟಿಂಗಿನಲ್ಲಿ ಕುರ್ಚಿಗೆ ನೇತುಹಾಕಿದ್ದ ಕೋಟಿನ ಜೇಬಿಗೆ ಕೈ ಹಾಕಿದರೆ ಒಂದು ಚೀಟಿ ಸಿಕ್ಕಿತು. ಅಂಗಿಯ ಗುಂಡಿ ಮಾರುವ ಅಂಗಡಿಯ ಕಾರ್ಡು.

ಅಂಥ ಅಂಗಡಿ ಎಲ್ಲೂ ಇಲ್ಲ. ಅದು ನಮ್ಮದೇ ಕಾರ್ಡು. ಅದರಲ್ಲಿರುವುದು ನಮ್ಮ ಸಹಾಯವಾಣಿಯ ನಂಬರು. ಗಂಡನ ಕೈಗೆ ಸಿಕ್ಕರೂ ಅನುಮಾನ ಬಾರದಿರಲಿ ಎಂದು ಗುಂಡಿಗಳ ಚಿತ್ರ ಆರಿಸಿದ್ದು ನಾನೇ. ಹಿಂದೆ ತಿರುಗಿಸಿದರೆ, ಬೀಗದವನ ಅಕ್ಷರದಲ್ಲಿ ಎರಡೇ ಪದ: ಯಾವ ಹೊತ್ತಿಗಾದರೂ.

ಕುರ್ಚಿ ಎಳೆದು ಕುಳಿತು ಎರಡೂ ಪದಗಳನ್ನು ಮತ್ತೆ ಓದಿದೆ. ಎರಡು ಹೆಜ್ಜೆ ದೂರ ನಿಲ್ಲಿ. ಅವಳ ದಾರಿಗೆ ಅಡ್ಡ ಬರಬೇಡಿ. ನೆಪ ಹೇಳಿದರೆ ವಾದ ಮಾಡಬೇಡಿ. ತಾನಾಗಿ ಹೇಳುವ ತನಕ ಕೇಳಬೇಡಿ. ಹೊಸ ಟ್ರಸ್ಟಿಗಳಿಗೆ ಈ ಪಾಠ ಮಾಡುವವಳು ನಾನು. ಎರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಅವನಿಗೂ ಮಾಡಿದ್ದೆ. ಅದನ್ನೇ ಒಂದಕ್ಷರ ಬಿಡದೆ ಅವನು ನನಗೆ ಒಪ್ಪಿಸುತ್ತಿದ್ದ. ಗೊತ್ತೇ ಆಗದ ನನ್ನನ್ನು ಏನೆನ್ನಬೇಕು?

ಅಷ್ಟರಲ್ಲಿ ಅವನೇ ಬಂದ. ಕಾರ್ಡು ನನ್ನ ಕೈಯಲ್ಲಿರುವುದನ್ನು ಕಂಡು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಬ್ಯಾಗಿನಿಂದ ಒಂದು ಹೊಸ ಬೀಗ ತೆಗೆದು ಮೇಜಿನ ಮೇಲಿಟ್ಟು, ಹಿಂದೆ ಸರಿದ. ಎರಡು ಕೀಗಳನ್ನು ಅದಕ್ಕೆ ದಾರದಿಂದ ಕಟ್ಟಿದ್ದ.

"ನಿಮ್ಮ ಬಾಗಿಲಿಗೆ" ಅಂದ. "ಎರಡೇ ಕೀ. ಮೂರನೇದು ನನ್ನ ಹತ್ರಾನೂ ಇಲ್ಲ."

ನಾಲ್ಕು ತಿಂಗಳಿಂದ ಅದನ್ನು ಹೊತ್ತು ತಿರುಗುತ್ತಿದ್ದನಂತೆ. ಮನೆಯಲ್ಲಿರುವುದು ಅಪ್ಪ ಒಬ್ಬರೇ, ಆವತ್ತು ಫೋನಿನಲ್ಲಿ ಗುಡುಗಿದ್ದೂ ಅವರೇ, ಕಿವಿ ಸರಿಯಾಗಿ ಕೇಳುವುದಿಲ್ಲ, ಅವರು ಗಡಿಯಾರದ ಹತ್ತಿರವೂ ಕಿರುಚಿಯೇ ಮಾತಾಡುವುದು ಎಂದು ವಿವರಿಸಿದೆ. ಒದ್ದದ್ದು ನಿಜವಾಗಿಯೂ ಕತ್ತೆ ಎಂದೆ.

"ಆಗಲಿ" ಅಂದ ಅವನು, ಥೇಟ್ ನಾನು ಹೇಳಿಕೊಟ್ಟ ದನಿಯಲ್ಲೇ.

ಬೇರೆ ದಾರಿ ಇರಲಿಲ್ಲ. ಮೀಟಿಂಗ್ ಮುಗಿದದ್ದೇ ಅವನನ್ನು ನರ್ಸರಿಗೆ ಕರೆದುಕೊಂಡು ಹೋದೆ. ಒಡತಿ ನನ್ನನ್ನು ಕಂಡವಳೇ, ಆವತ್ತು ಕತ್ತೆ ಒದ್ದ ಕೈ ವಾಸಿಯಾಯಿತೇ ಎಂದು ವಿಚಾರಿಸಿದಳು. ಕತ್ತೆ ನೆರಳಿನಲ್ಲಿ ನಿಂತು ಹುಲ್ಲು ಅಗಿಯುತ್ತಿತ್ತು. ಬೀಗದವನು ಅದನ್ನು ನೋಡಿದ, ನನ್ನನ್ನು ನೋಡಿದ. ಮಣ್ಣಿನ ಮೂಟೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡ. ನಗುತ್ತಿದ್ದಾನೆ ಎಂದುಕೊಂಡೆ. ಅವನು ಅಳುತ್ತಿದ್ದ.

"ಅಕ್ಕ ನಾಲ್ಕು ವರ್ಷ ಬಾಗಿಲು ಬಡೀತು ಅಂತಾನೇ ಹೇಳ್ತಿದ್ಲು. ನಾನು ನಂಬಿಬಿಟ್ಟಿದ್ದೆ. ಮತ್ತೆ ಹಾಗೆ ಮೋಸ ಹೋಗಬಾರದು ಅಂತ..." ಕಣ್ಣು ಒರೆಸಿಕೊಂಡ. "ಕತ್ತೆ. ಬರೀ ಕತ್ತೆ."

ಎದೆಯ ಮೇಲಿನ ಭಾರ ಇಳಿದವನ ಹಾಗೆ ಎದ್ದ. ಕತ್ತೆಗೆ ಥ್ಯಾಂಕ್ಸ್ ಹೇಳಿ ಬೆನ್ನು ತಟ್ಟುತ್ತೇನೆ ಎಂದು ಹೊರಟ. ಹಿಂದಿನಿಂದ. ಡಾಕ್ಟರಾದ ನಾನು ತಡೆಯಬೇಕಿತ್ತು, ಅವನ ಮುಖ ನೋಡುತ್ತಾ ಮೈಮರೆತಿದ್ದೆ.

ಅವನ ಕೈಯನ್ನು ಮೊದಲ ಸಲ ಹಿಡಿದದ್ದು ಹೀಗೆ, ಒದ್ದೆ ಬಟ್ಟೆ ಸುತ್ತುವ ನೆಪದಲ್ಲಿ. ಸುತ್ತಿ ಮುಗಿದ ಮೇಲೂ ಬಿಡಲಿಲ್ಲ. ಅವನ ಕಿವಿ ಕೆಂಪಾಯಿತು. ಆ ಕೆಂಪು ಕಾಣದೆ ನಾಲ್ಕು ತಿಂಗಳು ನಾನು ಎಷ್ಟು ಸೊರಗಿದ್ದೆ ಎಂದು ಆಗ ತಿಳಿಯಿತು. ಬ್ಯಾಗಿಗೆ ಹಾಕಿಕೊಂಡಿದ್ದ ಬೀಗ ತೆಗೆದು, ದಾರ ಬಿಚ್ಚಿ ಒಂದು ಕೀ ಅವನ ಅಂಗೈಯಲ್ಲಿಟ್ಟೆ.

"ನಾನು ಗಿರಾಕಿಗಳ ಕೀ ಇಟ್ಕೊಳ್ಳಲ್ಲ" ಅಂದ.

"ಗಿರಾಕಿ ಅಲ್ಲ. ಬರ್ತೀರಾ, ಇಲ್ವಾ?"

"ಮೆಟ್ಟಿಲು ಇಳಿಯುವಾಗೆಲ್ಲ ಅದನ್ನೇ ಕೇಳೋಣ ಅಂತಿದ್ದೆ" ಅಂದು ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಹೊಸ ಅವಧಿಗೆ ಸಹಿ ಹಾಕಲು ಮುಂದಿನ ಭಾನುವಾರವೇ ಮತ್ತೆ ಸೇರಿದೆವು. ನಾನು ಸಹಿ ಹಾಕಿದೆ. ಟ್ರಸ್ಟಿಗಳ ನಡುವೆ ನಂಟಿದ್ದರೆ ಮೊದಲೇ ತಿಳಿಸಬೇಕೆಂಬ ನಿಯಮವಿದೆ. ಮದುವೆಯ ಯೋಚನೆಯಲ್ಲಿದ್ದೇವೆ ಎಂದು ತಿಳಿಸಿದೆ. ಎಲ್ಲರ ಮುಖ ಅರಳಿತು. ಹೆಡ್‌ಮಿಸ್ ಕೈ ಕುಲುಕಲು ಅವನ ಕೈ ಹಿಡಿದಾಗ ಅಂಗಿಯ ತೋಳು ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು, ನೀಲಿ.

ಕೈಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಅವನೇ ಹೇಳಿದ.

"ಕತ್ತೆ ಒದ್ದಿದ್ದು."

ನಾಲ್ಕು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ಹೆಡ್‌ಮಿಸ್ ಬಹಳ ಮೃದುವಾಗಿ ತಲೆಯಾಡಿಸಿದರು. ಕುರ್ಚಿಯನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡು ಕುಳಿತು, ಗುಂಡಿ ಅಂಗಡಿಯ ಕಾರ್ಡೊಂದನ್ನು ಅವನ ಲೋಟದ ಕೆಳಗೆ ಸರಿಸಿದರು. ನನಗೆ ನಗು ತಡೆಯಲಾಗಲಿಲ್ಲ, ಹಾಗೆ ನಕ್ಕಿದ್ದರಿಂದ ಕೆಲಸ ಇನ್ನಷ್ಟು ಕೆಟ್ಟಿತು.

ಆ ಸಂಜೆ ಆರೂ ಜನ ನರ್ಸರಿಗೆ ನಡೆದೆವು. ಕತ್ತೆಯನ್ನು ಕಣ್ಣಾರೆ ಕಾಣುವ ತನಕ ಹೆಡ್‌ಮಿಸ್ ಅವನ ಪಕ್ಕ ಬಿಟ್ಟು ಕದಲಲಿಲ್ಲ. ಕಂಡ ಮೇಲೆ ಉಸಿರುಬಿಟ್ಟು, ನನ್ನ ಕೆನ್ನೆ ತಟ್ಟಿ, ತಮ್ಮ ಜಾಗವನ್ನು ನನಗೆ ಬಿಟ್ಟುಕೊಟ್ಟರು.