ಕಾಜನ ಹೊಟ್ಟೆಯ ಅಳತೆ

ಕಾಗದದ ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದೆ. ಇನ್ನೊಂದು ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ನಾಯಿಮರಿ ಇತ್ತು.

"ಬಿಚ್ಚಿ ನೋಡಿ. ನಿಮ್ಮ ಔಷಧಿಯ ಪ್ರತಾಪ!"

ಡಾಕ್ಟರು ಬಿಚ್ಚಿದರು. ಅರ್ಧ ಗೇಣುದ್ದದ ಬಿಳಿ ಹುಳಗಳು ಎಂಟು-ಹತ್ತು, ಗಂಟುಬಿದ್ದ ದಾರದ ಹಾಗೆ ಒಂದಕ್ಕೊಂದು ಸುತ್ತಿಕೊಂಡಿದ್ದವು.

"ಯಾವಾಗ ವಾಂತಿ ಮಾಡ್ತು?"

"ಇವತ್ತು ಬೆಳಿಗ್ಗೆ. ಮೂರು ವಾರದ ಹಿಂದೆ ಈ ಮರಿಗಳ ಬಾಯಿಗೆ ಏನೋ ಸುರಿದ್ರಲ್ಲ, ಅದರ ಮಾರನೇ ದಿನ ಹೊರಗೆ ಹೋದಾಗಲೂ ಹೀಗೇ ಹುಳ. ಅಲ್ಲಿವರೆಗೂ ನಾನು ಒಂದೇ ಒಂದು ಹುಳ ಕಂಡಿರ್ಲಿಲ್ಲ ಡಾಕ್ಟ್ರೇ. ಹುಳದ ಔಷಧಿ ಅಂತ ಹೇಳಿ ಹುಳಾನೇ ಕುಡಿಸಿ ಕಳಿಸಿದ್ರಾ?"

ನನ್ನ ಹೊಲಿಗೆ ಅಂಗಡಿ ಅವರ ಪ್ರಾಣಿ ಆಸ್ಪತ್ರೆಯಿಂದ ಎರಡು ಬೀದಿ ಆಚೆ. ನಾನು ಸಾಕಿಕೊಂಡ ಕಂದು ನಾಯಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿ ತುಂಬಿದ ಪೆಟ್ಟಿಗೆಯಲ್ಲಿ ಮೂರು ಮರಿ ಹಾಕಿತ್ತು. ಕಾಲರ್, ಜೇಬು, ಕಾಜ ಎಂದು ನಾನೇ ಹೆಸರಿಟ್ಟಿದ್ದೆ. ಪ್ಯಾಂಟು ಹೊಲಿಸಲು ಬಂದ ಆಸ್ಪತ್ರೆಯ ಮುದಿ ಕಾಂಪೌಂಡರು, "ಹುಳದ ಔಷಧಿ ಹಾಕಿಸಮ್ಮ" ಎಂದದ್ದಕ್ಕೆ ಮೂರನ್ನೂ ಬುಟ್ಟಿಯಲ್ಲಿ ಹೊತ್ತು ತಂದಿದ್ದೆ. ಬುದ್ಧಿಯಿಲ್ಲದೆ.

"ಎರಡು ವಾರಕ್ಕೆ ಮತ್ತೆ ಯಾಕೆ ಬರ್ಲಿಲ್ಲ ನೀವು?" ಡಾಕ್ಟರ ದನಿಯೂ ಏರಿತು.

"ಬನ್ನಿ ಅಂತ ಯಾರು ಹೇಳಿದ್ರು?"

ಅವರು ಟವೆಲ್ಲು ಬಿಚ್ಚಿ ಕಾಜನನ್ನು ಮೇಜಿನ ಮೇಲೆ ಮಲಗಿಸಿದರು.

ನಾನು ಬಿಡಲಿಲ್ಲ. ಕಂಕುಳಲ್ಲಿದ್ದ ಅಳತೆ ಪುಸ್ತಕ ತೆರೆದು ಅವರ ಮೂಗಿಗೆ ಹಿಡಿದೆ. "ನೋಡಿ, ದಿನಾ ಹೊಟ್ಟೆಗೆ ಟೇಪು ಹಿಡಿದಿದ್ದೀನಿ. ಹನ್ನೊಂದು ಇಂಚು, ಹನ್ನೆರಡು, ಹದಿಮೂರೂವರೆ. ಮೂರು ಮರಿಗಳಲ್ಲಿ ಇವನೇ ಮುಂದು. ಕಾಯಿಲೆ ಬಿದ್ದ ಮರಿ ಹೀಗೆ ಬೆಳೆಯುತ್ತಾ?"

ಅವರು ಪುಸ್ತಕ ನೋಡಲಿಲ್ಲ. ನನ್ನ ಕೈಯನ್ನು ಹಿಡಿದು ಕಾಜನ ಬೆನ್ನಿನ ಮೇಲಿಟ್ಟರು.

"ಇಲ್ಲಿ ಅಳೆದ್ರಾ?"

ಬೆರಳಿಗೆ ಸಿಕ್ಕಿದ್ದು ಬರೀ ಮೂಳೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅವರು ಮರಿಯ ತುಟಿ ಎತ್ತಿ ತೋರಿಸಿದರು. ಒಸಡು ಕೋಟಿನ ಅಸ್ತರಿನಂತೆ ಬೆಳ್ಳಗಿತ್ತು.

"ಹೊಟ್ಟೆ ಬಂದದ್ದು ಹಾಲು ಕುಡಿದಲ್ಲ, ಹುಳ ತುಂಬಿ. ಟೇಪು ಹಿಡಿಯೋರಿಗೆ ಇಷ್ಟೂ ಗೊತ್ತಾಗಲ್ವೇನ್ರೀ?"

ಆ ಮಾತು ಚುಚ್ಚಿತು. ಗಿರಾಕಿ ಬಾಗಿಲಲ್ಲಿ ಕಾಲಿಡುವಾಗಲೇ ಯಾವ ಭುಜ ತಗ್ಗಿದೆ ಎಂದು ಹೇಳಬಲ್ಲವಳು ನಾನು. ಉತ್ತರ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಕಾಂಪೌಂಡರು ಸಲೈನ್ ಹಿಡಿದು ನಡುವೆ ನುಗ್ಗಿದರು.

"ಟೈಲರಮ್ಮ, ಸೂಜಿ ಚುಚ್ಚೋವರೆಗೂ ಬಾಯಿ ಹೊಲ್ಕೊಂಡಿರಿ. ಡಾಕ್ಟ್ರೇ, ನೀವೂ."

ಕಾಜನ ಕಾಲು ನನ್ನ ಕಿರುಬೆರಳಿಗಿಂತ ಸಣ್ಣದು. ಸೂಜಿ ಹೋಗುವಾಗ ಅವನು ಕುಂಯ್ ಎನ್ನಲೂ ಇಲ್ಲ. ಅತ್ತಿದ್ದರೆ ವಾಸಿಯಿತ್ತು ಎನಿಸಿತು.

ಸಲೈನ್ ಹನಿಯತೊಡಗಿದ ಮೇಲೆ ಡಾಕ್ಟರು ತಲೆ ಎತ್ತದೆ ಮಾತಾಡಿದರು. "ತಾಯಿ ಹೊಟ್ಟೆಯಲ್ಲಿದ್ದಾಗಲೇ ಹುಳ ಮರಿಗೆ ಬರುತ್ತೆ. ಆಮೇಲೆ ಹಾಲಿನಲ್ಲೂ ಬರುತ್ತೆ. ಔಷಧಿ ಕರುಳಲ್ಲಿ ಇರೋದನ್ನ ಹೊರಗೆ ಹಾಕುತ್ತೆ, ನೀವು ಕಂಡಿದ್ದು ಅದನ್ನೇ. ಮೈಯಲ್ಲಿ ಅಡಗಿರೋ ಮರಿಹುಳಗಳು ಆಮೇಲೆ ಕರುಳಿಗೆ ಇಳಿದು ಬೆಳೀತವೆ. ಅದಕ್ಕೇ ಎರಡೆರಡು ವಾರಕ್ಕೆ ಮತ್ತೆ ಹಾಕಬೇಕು. ತಾಯಿಗೂ ಜೊತೆಯಲ್ಲೇ ಹಾಕಬೇಕು."

"ಇದನ್ನೆಲ್ಲ ಅವತ್ತು ಹೇಳೋಕೆ ನಾಲಿಗೆ ಬಿದ್ದು ಹೋಗಿತ್ತಾ?"

"ಬಿದ್ದು ಹೋಗಿತ್ತಮ್ಮ" ಎಂದರು ಕಾಂಪೌಂಡರು. "ನಾನೇ ಕಣ್ಣಾರೆ ನೋಡಿದೆ."

"ಅಣ್ಣಾ, ಬೇಡ" ಎಂದರು ಡಾಕ್ಟರು.

"ಯಾಕೆ ಬೇಡ? ಹನ್ನೊಂದು ವರ್ಷದಿಂದ ಇವರ ಜೊತೆ ಇದ್ದೀನಿ. ಚೀಟಿ ಕೊಡದೆ ಒಂದು ಬೆಕ್ಕನ್ನೂ ಕಳಿಸಿದವರಲ್ಲ. ಅವತ್ತು ನೀವು ಬುಟ್ಟಿ ಎತ್ತಿಕೊಂಡು ಹೋದಿರಿ, ಚೀಟಿ ಇವರ ಕೈಯಲ್ಲೇ ಉಳೀತು. ಬೀದಿ ತಿರುಗೋವರೆಗೂ ನಿಮ್ಮನ್ನೇ ನೋಡ್ತಾ ನಿಂತಿದ್ರು."

ಡಾಕ್ಟರು ಬಿಳಿ ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಗಳೆಲ್ಲ ಸವೆದಿದ್ದವು. ದಿನಾಂಕ, ತೂಕ, 'ತಾಯಿ ನಾಯಿಗೂ' ಎಂಬುದರ ಕೆಳಗೆ ಎರಡು ಗೆರೆ.

"ಕೊಡೋಕೆ ಅಂತಲೇ ಎರಡು ಸಲ ನಿಮ್ಮ ಅಂಗಡಿಗೆ ಬಂದೆ" ಎಂದರು. "ಮರಿಗಳು ಹೇಗಿವೆ ಅಂದ್ರೆ, ದಪ್ಪಗಿದ್ದಾವೆ ಅಂದ್ರಿ. ಅಲ್ಲಿಗೆ ಸಮಾಧಾನ ಆಯ್ತು. ಒಂದು ಸಲಾನೂ ಪೆಟ್ಟಿಗೆಯೊಳಗೆ ಬಗ್ಗಿ ನೋಡಲಿಲ್ಲ."

ಎರಡು ಸಲ ಬಂದದ್ದು ನಿಜ. ಎರಡು ಸಲವೂ ಕೋಟಿನ ಗುಂಡಿ ಬಿದ್ದಿದೆ ಎಂದು ಬಂದಿದ್ದರು. ಹುಳ ಕಂಡ ಸಿಟ್ಟಿನಲ್ಲಿ ನಾನು ಮುಖ ನೋಡದೆ ಹೊಲಿದು ಎಸೆದಿದ್ದೆ. ಈಗ ಕೋಟು ನೋಡಿದೆ. ಮೂರನೇ ಗುಂಡಿ ಮತ್ತೆ ಇರಲಿಲ್ಲ. ದಾರದ ತುದಿಗಳೆಲ್ಲ ಒಂದೇ ಸಮ ನಿಂತಿದ್ದವು.

ಪಿತ್ತ ನೆತ್ತಿಗೇರಿತು. ಕೋಟಿನ ಅಂಚು ಹಿಡಿದು ಎಳೆದೆ. "ನನ್ನ ಹೊಲಿಗೆ ಸವೆದು ಬಂದರೆ ಎಳೆ ಎಳೆಯಾಗಿ ಬಿಡುತ್ತೆ. ಇದು ಕತ್ತರಿ ಕೆಲಸ. ಯಾರು ಮಾಡಿದ್ದು?"

"ಬ್ಯಾಂಡೇಜು ಕತ್ತರಿ ಪದೇಪದೇ ಕಾಣೆ ಆಗೋದು ಇದಕ್ಕಾ!" ಕಾಂಪೌಂಡರು ತಲೆ ಚಚ್ಚಿಕೊಂಡು ಒಳಗೆ ಹೋದರು.

ನನ್ನ ಕೈ ಕೋಟಿನ ಮೇಲೇ ಇತ್ತು. ಡಾಕ್ಟರು ಹಿಂದೆ ಸರಿಯಲಿಲ್ಲ. ಅವರ ಕಿವಿಗಳು ಕೆಂಪಾಗಿದ್ದವು.

"ನಾನೇ ಕತ್ತರಿಸಿದೆ. ನಿಮ್ಮನ್ನ ನೋಡೋಕೆ ಬೇರೆ ನೆಪ ಇರ್ಲಿಲ್ಲ."

ಇಂಥ ಮಾತನ್ನು ಹೆಣ್ಣೊಬ್ಬಳು ಎಷ್ಟೋ ವರ್ಷ ಕಾದು ಕೇಳಬಹುದು. ನನಗೆ ಮಾತ್ರ ಅದು ಬೆಂಕಿಗೆ ಎಣ್ಣೆ ಸುರಿದಂತಾಯಿತು.

"ನೀವು ನನ್ನ ನೋಡ್ತಾ ನಿಂತಿದ್ದಕ್ಕೆ ನನ್ನ ಮರಿ ಸಾಯ್ತಾ ಇದೆ!"

"ಗೊತ್ತು. ಮೈಯೆಲ್ಲ ಉರೀತಿರೋದು ಅದಕ್ಕೇ. ನನ್ನ ಮೇಲಿನ ಸಿಟ್ಟನ್ನ ನಿಮ್ಮ ಮೇಲೆ ಕಾರಿಕೊಂಡೆ. ಆ ಟೇಪಿನ ಮಾತು ಆಡಬಾರದಿತ್ತು."

ಕೋಟು ಬಿಟ್ಟೆ. ದಿನಾ ಅಳೆದೂ ಬೆನ್ನು ಮುಟ್ಟಿ ನೋಡದವಳು ನಾನೇ ತಾನೆ? ಅದನ್ನು ಹೇಳಲು ಮನಸ್ಸು ಒಪ್ಪಲಿಲ್ಲ.

"ಇವನು ಬದುಕಲಿ. ಆಮೇಲೆ ಮಾತು" ಎಂದು ಸ್ಟೂಲಿನ ಮೇಲೆ ಕುಳಿತೆ.

ಅಂದು ವ್ಯಾಪಾರಕ್ಕೆ ಅಂಗಡಿ ತೆರೆಯಲಿಲ್ಲ. ಕಾಂಪೌಂಡರು ನನ್ನಿಂದ ಬೀಗದ ಕೈ ಪಡೆದು ಹೋಗಿ ತಾಯಿ ನಾಯಿಯನ್ನೂ ಉಳಿದೆರಡು ಮರಿಗಳನ್ನೂ ಕರೆತಂದರು. ಡಾಕ್ಟರು ಒಂದೊಂದನ್ನೂ ತೂಗಿ, ತೂಕಕ್ಕೆ ತಕ್ಕಷ್ಟೇ ಔಷಧಿ ಎಳೆದು ಬಾಯಿಗೆ ಹಾಕಿದರು. ಕಾಜನಿಗೆ ಸ್ವಲ್ಪ ತ್ರಾಣ ಬಂದ ಮೇಲೆ ಎಂದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾನೂ ಏಳಲಿಲ್ಲ. ಮೇಜಿನ ಆ ಕಡೆ ಅವರು, ಈ ಕಡೆ ನಾನು, ನಡುವೆ ಹನಿಯುವ ಸಲೈನ್. ಅವರು ಒಂದೇ ಬೆರಳಿನಿಂದ ಕಾಜನ ಹಣೆ ಸವರುತ್ತಿದ್ದರು. ಸಿಟ್ಟಿನಲ್ಲೇ ಆ ಬೆರಳನ್ನು ನೋಡಿದೆ. ತುಂಬ ಹೊತ್ತು ನೋಡಿದೆ.

ಬಿಸಿಲು ಇಳಿಯುವಾಗ ಕಾಜ ಕಣ್ಣು ತೆರೆದು ಆ ಬೆರಳನ್ನು ನೆಕ್ಕಿದ.

ಡಾಕ್ಟರು ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. "ನಿಮ್ಮ ಬೆರಳು ಯಾಕೆ ನೆಕ್ತಾನೆ? ಸಾಕಿದವಳು ನಾನು" ಎಂದು ಗದರಿದೆ. ನನ್ನ ದನಿ ನಡುಗುತ್ತಿತ್ತು. ಇಬ್ಬರಿಗೂ ಅದು ಕೇಳಿಸಿತು.

ಎರಡು ವಾರದ ನಂತರ, ಮುಂದಿನ ಔಷಧಿಯ ದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ಬಾಗಿಲು ತೆರೆಯುವ ಮೊದಲೇ ಡಾಕ್ಟರು ತಕ್ಕಡಿ, ಔಷಧಿ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು.

ಕಾಜನ ಹೊಟ್ಟೆ ಹತ್ತೂವರೆ ಇಂಚಿಗೆ ಇಳಿದಿತ್ತು, ತೂಕ ಏರಿತ್ತು. ಅವನು ಅವರ ಶೂ ಲೇಸು ಕಚ್ಚಿ ಎಳೆಯುತ್ತಿದ್ದ. ಹಿತ್ತಲಿನ ಹೊಲಸನ್ನು ದಿನವೂ ಎತ್ತುತ್ತೇನೋ, ಮರಿ ಮುಟ್ಟಿದ ಮೇಲೆ ಕೈ ತೊಳೆಯುತ್ತೇನೋ ಎಂದೆಲ್ಲ ವಿಚಾರಿಸಿದರು. ಈ ಸಲ ಒಂದು ಮಾತೂ ಬಿಡಲಿಲ್ಲ.

ಅಳತೆ ಪುಸ್ತಕದ ಹೊಸ ಹಾಳೆ ತೆರೆದು ಅವರ ಮುಂದೆ ಇಟ್ಟೆ. "ಚೀಟಿ ಬೇಡ, ಇದರಲ್ಲಿ ಬರೀರಿ. ಎಲ್ಲಿವರೆಗೂ ಹಾಕಬೇಕು?"

"ಮೂರು ತಿಂಗಳಾಗೋವರೆಗೂ ಎರಡು ವಾರಕ್ಕೊಮ್ಮೆ. ಆರು ತಿಂಗಳಾಗೋವರೆಗೂ ತಿಂಗಳಿಗೊಮ್ಮೆ. ಆಮೇಲೆ ಮೂರು ತಿಂಗಳಿಗೊಮ್ಮೆ."

"ಎಷ್ಟು ವರ್ಷ?"

"ನಾಯಿ ಇರೋವರೆಗೂ."

"ಅಂದ್ರೆ?"

"ಚೆನ್ನಾಗಿ ನೋಡ್ಕೊಂಡ್ರೆ ಹನ್ನೆರಡು, ಹದಿನಾಲ್ಕು ವರ್ಷ." ಪೆನ್ನು ನಿಂತಿತು. "ಅಷ್ಟೂ ವರ್ಷ ನಾನೇ ಬರ್ತೀನಿ, ನೀವು ಬಿಟ್ರೆ."

ನಾನು ಟೇಪು ತೆಗೆದು ಅವರ ಬೆನ್ನ ಹಿಂದೆ ನಿಂತೆ. "ನೆಟ್ಟಗೆ ನಿಂತ್ಕೊಳ್ಳಿ. ಆ ಕೋಟು ನೋಡಿದ್ರೆ ಮೈ ಉರಿಯುತ್ತೆ. ಹೊಸದು ಹೊಲಿತೀನಿ."

ಎದೆಯ ಸುತ್ತ ಟೇಪು ತಂದಾಗ ಅವರು ಉಸಿರು ಹಿಡಿದರು.

"ಉಸಿರು ಬಿಡಿ. ಅಳತೆ ತಪ್ಪುತ್ತೆ."

ಬಿಟ್ಟರು. ಬರೆದುಕೊಂಡು ಟೇಪನ್ನು ಕೊರಳಿಗೆ ಸುತ್ತಿದೆ.

"ಗುಂಡಿ ಯಾವ ಬಣ್ಣದ್ದು ಹಾಕ್ತೀರಿ?"

"ಗುಂಡಿ ಒಂದೂ ಇಲ್ಲ. ಜಿಪ್ಪು."

ಅವರ ಮುಖ ಬಾಡಿತು. "ಹಾಗಾದ್ರೆ ನಾನು ಇಲ್ಲಿಗೆ ಹೇಗೆ ಬರಲಿ?"

"ಕಾಲಿದೆಯಲ್ಲ, ನಡ್ಕೊಂಡು ಬನ್ನಿ" ಎಂದು ರೇಗಿದೆ. ಟೇಪನ್ನು ಮಾತ್ರ ಅವರ ಕೊರಳಿಂದ ತೆಗೆಯಲಿಲ್ಲ.